ನಾರವ್ವ ಹರಿದ ಮೇಲಂಗಿ

ನಮ್ಮ ಊರಿನಲ್ಲಿ ಒಬ್ಬರಿಗೆ ಎಷ್ಟು ದುಃಖವಾಗಿದೆ ಎಂದು ತಿಳಿಯಲು ಯಾರೂ ಮುಖ ನೋಡುವುದಿಲ್ಲ, ಎದೆ ನೋಡುತ್ತಾರೆ. ಸಾವಿನ ಸುದ್ದಿ ಬಂದ ಕೂಡಲೇ ಕೊರಳ ಕೆಳಗೆ ಮೇಲಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಗೇಣುದ್ದ ಹರಿದುಕೊಳ್ಳುವುದು, ಸೊಂಟಕ್ಕೆ ಗೋಣಿತಟ್ಟು ಸುತ್ತುವುದು, ತಲೆಗೆ ಬೂದಿ ಸುರಿದುಕೊಂಡು ಏಳು ದಿನ ನೆಲದ ಮೇಲೆ ಕೂರುವುದು, ಇವೆಲ್ಲ ಸುತ್ತಿನ ಊರುಗಳಲ್ಲೂ ಇದ್ದದ್ದೇ. ನಮ್ಮಲ್ಲಿ ವ್ಯತ್ಯಾಸ ಇಷ್ಟೇ: ಹರಿದ ಬಟ್ಟೆ ದುಃಖ ಇರುವವರೆಗೆ ಹರಿದೇ ಇರುತ್ತದೆ, ತೀರಿದ ದಿನ ತಾನಾಗಿ ಕೂಡಿಕೊಳ್ಳುತ್ತದೆ. ನಡುವೆ ಸೂಜಿಗೆ ಕೆಲಸವಿಲ್ಲ. ಸಂಜೆ ಹೊಲಿದ ದಾರ ಬೆಳಿಗ್ಗೆ ಮಡಿಲಲ್ಲಿ ಬಿದ್ದಿರುತ್ತದೆ.

ಇದಕ್ಕೆ ನಾವು ಒಗ್ಗಿಕೊಂಡಿದ್ದೇವೆ. ಎಣ್ಣೆ ಗಾಣದ ಯಜಮಾನ ತೀರಿಕೊಂಡಾಗ ಅವನ ಗಂಡುಮಕ್ಕಳ ಬಟ್ಟೆಗಳು ಸಮಾಧಿಯಿಂದ ಮನೆಗೆ ಬರುವ ದಾರಿಯಲ್ಲೇ ಕೂಡಿಕೊಂಡವು. ಪಾಪ, ಏಳು ದಿನವೂ ಎಲ್ಲರೂ ಎದೆನೋವು ಬಂದವರ ಹಾಗೆ ಎದೆ ಹಿಡಿದುಕೊಂಡೇ ಕೂತಿದ್ದರು. ಅವರದು ಶೋಕವಲ್ಲ, ಶೋಕಿ. ಬಾವಿ ತೋಡುವವನ ಹೆಂಡತಿ ಮತ್ತೆ ಮದುವೆಯಾಗಿ ಮಕ್ಕಳನ್ನು ಹೆತ್ತರೂ ಸತ್ತ ಮೊದಲಿನವನಿಗಾಗಿ ಹರಿದದ್ದು ಇನ್ನೂ ಹಾಗೇ ಇದೆ. ಚಳಿ ಬಂದಾಗ ಎರಡನೆಯ ಗಂಡ ಅದರ ಮೇಲೆ ತನ್ನ ಕಂಬಳಿಯ ತುದಿ ಎಳೆದು ಹೊದಿಸುತ್ತಾನೆ. ಅಂಜೂರದ ತೋಟದ ಮುದುಕ ಒಂದು ಬೆಳಿಗ್ಗೆ ಹಣ್ಣು ತಿನ್ನುತ್ತಾ ಎದೆ ಮುಟ್ಟಿಕೊಂಡರೆ ಸತ್ತ ಹೆಂಡತಿಗಾಗಿ ಹರಿದದ್ದು ಮುಚ್ಚಿಹೋಗಿತ್ತು. ಅರ್ಧ ಕಚ್ಚಿದ ಹಣ್ಣನ್ನು ಕೈಯಲ್ಲೇ ಹಿಡಿದು, ಅವಳು ಸತ್ತ ದಿನಕ್ಕಿಂತ ಜೋರಾಗಿ ಅತ್ತ.

ಇನ್ನೊಂದು ಮಾತು. ಬದುಕಿರುವವರಿಗಾಗಿ ಹರಿದುಕೊಂಡರೆ ಬಟ್ಟೆಗೆ ತಿಳಿದುಬಿಡುತ್ತದೆ. ಎಷ್ಟೇ ಪ್ರೀತಿ ಇರಲಿ, ಮಧ್ಯಾಹ್ನ ಹರಿದದ್ದು ಹೊತ್ತು ಇಳಿಯುವುದರೊಳಗೆ ಮುಚ್ಚಿಕೊಳ್ಳುತ್ತದೆ.

ನಾನು ಚಿಲ್ಲಾ. ಬೇಡದವರು ಚಿಲ್ಲರೆ ಎನ್ನುತ್ತಾರೆ. ಸಾವಿನ ಮನೆಯಲ್ಲಿ ಗೋಳಾಡುವವಳು. ಕೂಲಿಗೆ ಅಳುವ ಆಳು. ಅಳುವಿಗೂ ಆಳಿಗೂ ಒಂದು ದೀರ್ಘದ ವ್ಯತ್ಯಾಸ, ಆ ದೀರ್ಘ ಎಳೆಯುವುದಕ್ಕೇ ನನಗೆ ಜವೆಗೋಧಿ ಅಳೆದುಕೊಡುವುದು. ಸತ್ತವರ ದನಿಯನ್ನೇ ಎತ್ತಿ ಅಳುವುದು ನನ್ನ ಹೆಚ್ಚುಗಾರಿಕೆ. ಹೋದವನು ಹೇಗೆ ಕೆಮ್ಮುತ್ತಿದ್ದ, ಹೆಂಡತಿಯನ್ನು ಹೇಗೆ ಕರೆಯುತ್ತಿದ್ದ, ಕತ್ತೆಯನ್ನು ಹೇಗೆ ಬೈಯುತ್ತಿದ್ದ ಎಲ್ಲ ನನ್ನ ಗಂಟಲಲ್ಲಿ ಇರುತ್ತದೆ. ಹೆಂಡತಿಗೂ ಕತ್ತೆಗೂ ಒಂದೇ ದನಿ ಬಳಸುತ್ತಿದ್ದವರನ್ನೂ ನಾನು ಮುಚ್ಚಿಡದೆ ಅತ್ತಿದ್ದೇನೆ. ಬದುಕಿರುವವರ ದನಿಯೂ ಬರುತ್ತದೆ, ಅದಕ್ಕೆ ಮಾತ್ರ ಕೂಲಿಯಿಲ್ಲ, ಬೈಗುಳ ಉಂಟು. ಊರ ಬಾಗಿಲ ಬಳಿ ಕೂತು ನ್ಯಾಯ ಹೇಳುವ ಹಿರಿಯ ಮಾಕೀರಪ್ಪ ಬಾಯಿ ಬಿಡುವ ಮೊದಲು ಗಡ್ಡ ಎಳೆದುಕೊಂಡು 'ಅಂದರೆ' ಎನ್ನುತ್ತಾನೆ, ಇನ್ನೂ ಏನೂ ಅಂದಿರದಿದ್ದರೂ. ಅದನ್ನು ನಾನು ಮಾಡಿದರೆ ಕುರಿಗಳೂ ಎದ್ದು ನಿಲ್ಲುತ್ತವೆ.

ಊರಿಗೆಲ್ಲ ಗೋಣಿತಟ್ಟು ನೇಯ್ದು ಕೊಡುವವಳು ನಾರವ್ವ. ನಾನು ಅಳದ ಸಾವಿರಬಹುದು, ನಾರವ್ವನ ತಟ್ಟು ಉಡದ ಸಾವಿಲ್ಲ. ಹೆಸರಿಗೆ ತಕ್ಕ ನಾರು, ಎಳೆದಷ್ಟೂ ಬಿಗಿ. ಅವಳ ಒಬ್ಬನೇ ಮಗ ಯೋತಾಮ ಉಪ್ಪಿನ ಒಂಟೆಗಳ ಜೊತೆ ಹೋಗುತ್ತಿದ್ದ. ಒಂದು ಸಲ ಒಂಟೆಗಳು ಬಂದವು, ಅವನು ಬರಲಿಲ್ಲ. ತಪ್ಪಿಸಿಕೊಂಡ ಒಂಟೆಯ ಹಿಂದೆ ಕಣಿವೆಗೆ ಇಳಿದವನು ಮೇಲೆ ಹತ್ತಲಿಲ್ಲ, ಕೂಗಿದೆವು, ಹುಡುಕಿದೆವು, ಸಿಕ್ಕಿದ್ದು ಇಷ್ಟೇ ಎಂದು ಜೊತೆಗಾರರು ಅವನ ಕೋಲನ್ನು ಹೊಸ್ತಿಲ ಮೇಲಿಟ್ಟು ಹೋದರು.

ಸೊಸೆ ತಿರ್ಚಾ ಆಗಲೇ ಎದೆಯ ಬಟ್ಟೆ ಹರಿದುಕೊಂಡಳು. ನೆರೆಹೊರೆಯವರು ದುಃಖದ ರೊಟ್ಟಿ ಸುಟ್ಟು ತರುವ ಹೊತ್ತಿಗೆ ಅದು ತುಟಿ ಮುಚ್ಚಿದ ಹಾಗೆ ಮುಚ್ಚಿಕೊಂಡಿತ್ತು. ಊರು ಎರಡಾಯಿತು. ಯೋತಾಮ ಬದುಕಿದ್ದಾನೆ, ಅದಕ್ಕೇ ಮುಚ್ಚಿತು ಎಂದು ಕೆಲವರು. ಇವಳಿಗೆ ಗಂಡ ಎಂದೂ ಬೇಕಿರಲಿಲ್ಲ, ಅದಕ್ಕೇ ಮುಚ್ಚಿತು ಎಂದು ಬಾವಿಕಟ್ಟೆಯ ಹೆಂಗಸರು. ಬಟ್ಟೆ ಎರಡಕ್ಕೂ ಒಂದೇ ಸಾಕ್ಷಿ ಹೇಳುತ್ತದೆ, ಏನು ಮಾಡುವುದು. ತಾಯಿ ಹರಿದುಕೊಂಡರೆ ಗೊತ್ತಾಗುತ್ತದೆ ಎಂದರು. ನಾರವ್ವ ಹರಿದುಕೊಳ್ಳಲಿಲ್ಲ. ಕೋಲನ್ನು ಒಳಗೆ ತೆಗೆದುಕೊಂಡು ಹೋಗಿ ಮಗ್ಗದ ಪಕ್ಕ ಒರಗಿಸಿ ಲಾಳಿ ಹಿಡಿದಳು.

ಹೀಗೆ ತಿರ್ಚಾ ಹೊಸ್ತಿಲ ಹೆಣ್ಣಾದಳು. ಗಂಡ ಇದ್ದಾನೋ ಸತ್ತನೋ ತಿಳಿಯದವಳಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಮದುವೆಮನೆಗೆ ಹೋಗುವಂತಿಲ್ಲ, ಸಾವಿನ ಮನೆಗೂ ಹೋಗುವಂತಿಲ್ಲ, ಊರ ಬಾಗಿಲು ದಾಟಿ ತವರಿಗೂ ಹೋಗುವಂತಿಲ್ಲ. ಎರಡು ಸುಗ್ಗಿ ಹೀಗೆ ಕಳೆದ ಮೇಲೆ ಕುಂಬಾರ ಶೋಬಾಲ ಊರ ಬಾಗಿಲಿಗೆ ಹೋಗಿ, ತಿರ್ಚಾಳನ್ನು ಬಿಡುಗಡೆ ಮಾಡಿದರೆ ನಾನು ಮದುವೆಯಾಗುತ್ತೇನೆ ಎಂದು ಕೇಳಿದ. ಅವನು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ಹಿರಿಯರು ತೀರ್ಮಾನ ಹೇಳಿದರು. ತಾಯಿ ಎಲ್ಲರ ಎದುರು ಹರಿದುಕೊಂಡು ಏಳು ದಿನ ಬೂದಿಯಲ್ಲಿ ಕೂರಬೇಕು. ಹರಕು ತೆರೆದೇ ಉಳಿದರೆ ಯೋತಾಮ ಸತ್ತ, ತಿರ್ಚಾ ಬಿಡುಗಡೆ. ಮುಚ್ಚಿದರೆ ಅವನು ಬದುಕಿದ್ದಾನೆ, ಇವಳು ಅವನ ಹೆಂಡತಿ, ಕಾಯಲಿ. ಜವೆಯ ಕೊಯ್ಲು ಮುಗಿಯುವುದರೊಳಗೆ ನಾರವ್ವ ಬರದಿದ್ದರೆ ಕೇಳಿಕೆ ಬಿದ್ದುಹೋಗುತ್ತದೆ. ಒಬ್ಬಳ ಬಿಡುಗಡೆಯನ್ನು ಊರ ಬಾಗಿಲಲ್ಲಿ ಒಂದೇ ಸಲ ಕೇಳಬಹುದು, ಎರಡನೆಯ ಸಲ ಇಲ್ಲ.

ಕೊಯ್ಲು ಮುಕ್ಕಾಲು ಮುಗಿದಿತ್ತು. ಮಾಕೀರಪ್ಪ ನನ್ನನ್ನು ಕರೆಸಿ, ಹೋಗಿ ಆ ಹೆಂಗಸಿನ ಮನಸ್ಸು ಕರಗಿಸು ಎಂದ.

ನಾನು ಹೋದಾಗ ನಾರವ್ವ ಮಗ್ಗದ ಮುಂದೆ ಕೂತಿದ್ದಳು. ತಲೆ ಎತ್ತಲಿಲ್ಲ.

"ಬಾ ಚಿಲ್ಲಾ. ಯಾರು ಸತ್ರು?"

"ಯಾರೂ ಸತ್ತಿಲ್ಲ ನಾರವ್ವ. ಸುಮ್ನೆ ಬಂದೆ."

"ನೀನು ಸುಮ್ನೆ ಬಂದ್ಯಾ. ನರಿ ದ್ರಾಕ್ಷಿ ತೋಟಕ್ಕೆ ಸುಮ್ನೆ ಬಂದಂಗೆ. ಮಾಕೀರ ಏನಂದ?"

ನಾನು ಇಲ್ಲದ ಗಡ್ಡ ಎಳೆದುಕೊಂಡೆ. "ಅಂದರೆ... ಚಿಲ್ಲಾ... ಅಂದರೆ... ಕರಗಿಸು. ಅಂದರೆ, ಬೆಣ್ಣೆ ಕರಗಿಸಿದ ಹಾಗೆ. ಅಂದರೆ, ಅವಳು ಬೆಣ್ಣೆ ಅಂತಲ್ಲ."

ನಾರವ್ವ ನಕ್ಕಳು. ಅವಳು ನಕ್ಕರೆ ಭುಜ ಮಾತ್ರ ನಗುತ್ತದೆ, ಕೈ ನಿಲ್ಲುವುದಿಲ್ಲ. ಒಳ್ಳೆಯ ಹೊತ್ತು ಎಂದುಕೊಂಡು ನನ್ನ ಕಸುಬು ತೆಗೆದೆ. ಮೊದಲು ಮಗು ಕಳೆದುಕೊಂಡವರಿಗೆ ಅಳುವ ರಾಗ ಎಳೆದೆ. ಅವಳು ಎಳೆ ಎಣಿಸುತ್ತಿದ್ದಳು. ಹೆಣವಿಲ್ಲದ ಸಾವಿನ ರಾಗ ಎಳೆದೆ. ಅವಳು ಲಾಳಿಯ ನೂಲು ಮುಗಿಯಿತೆಂದು ಹೊಸದು ಸುತ್ತಿದಳು. ಕೊನೆಗೆ, ಈ ಒಂದೇ ಉಳಿದಿದೆ ಎಂದು ಯೋತಾಮನ ದನಿ ಎತ್ತಿದೆ. "ಅವ್ವಾ, ಹೊಟ್ಟೆ ಹಸೀತು, ಮಗ್ಗ ಬಿಟ್ಟು ಏಳು." ಓಣಿಯ ತುದಿಯಿಂದಲೇ ಹಾಗೆ ಕೂಗುತ್ತಾ ಬರುತ್ತಿದ್ದ ಅವನು.

ಲಾಳಿ ನಿಂತಿತು. ನಾರವ್ವ ಬಾಗಿಲ ಕಡೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇನ್ನೊಂದ್ಸಲ ಆ ದನಿ ನಿನ್ನ ಬಾಯಲ್ಲಿ ಬಂದ್ರೆ ನಾಲಿಗೆಗೆ ಗಂಟು ಹಾಕ್ತೀನಿ. ನನ್ನ ಗಂಟು ಬಿಚ್ಚೋರು ಈ ಊರಲ್ಲಿಲ್ಲ, ಗೊತ್ತಲ್ಲ."

"ಗೊತ್ತು. ತಪ್ಪಾಯ್ತು."

"ನಾನ್ಯಾಕೆ ಹರ್ಕೊಳ್ತಿಲ್ಲ ಅಂತ ನಿಂಗೆ ಗೊತ್ತಿಲ್ವಾ? ಹರಿದಿದ್ದು ತೆರೆದೇ ಇದ್ರೆ ನನ್ನ ಮಗ ಹೋದ. ಹರೀದೇ ಇದ್ರೆ ಇನ್ನೂ ಹೋಗಿಲ್ಲ. ಇಷ್ಟೇ ನನ್ನ ಲೆಕ್ಕ."

"ತಿರ್ಚಾ?"

ಅವಳು ಉತ್ತರ ಕೊಡುವ ಮೊದಲೇ ತಿರ್ಚಾ ಬಂದಳು, ಸೊಂಟದ ಮೇಲೆ ಹೊಸ ಮಡಕೆ. ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು.

"ಅತ್ತೆ, ಹಿಟ್ಟಿನ ಮಡಕೆ ಒಡೆದಿತ್ತಲ್ಲ, ಬೇರೆ ತಂದೆ."

"ನಿನ್ನೆ ನೀರಿನದು. ಅದಕ್ಕೆ ಮೊದಲು ಎಣ್ಣೆ ಕುಡಿಕೆ. ಈ ಮನೇಲಿ ಮಣ್ಣಿಗೆ ಆಯಸ್ಸೇ ಇಲ್ಲ."

"ಇದು ಗಟ್ಟಿ ಇದೆ ಅತ್ತೆ. ಶೋಬಾಲಣ್ಣ ಎರಡು ಸಲ ಸುಟ್ಟಿದ್ದಾರಂತೆ."

"ಅಣ್ಣ ಅನ್ಬೇಡ ಕಣೇ," ನಾರವ್ವ ನೂಲಿನ ತುದಿಯನ್ನು ಹಲ್ಲಿನಲ್ಲಿ ಕಡಿದು ಹೇಳಿದಳು, "ಆಮೇಲೆ ಕಷ್ಟವಾಗುತ್ತೆ."

ತಿರ್ಚಾಳ ಮುಖ ಕುತ್ತಿಗೆಯವರೆಗೂ ಕೆಂಪಾಯಿತು. ಮಡಕೆಯನ್ನು ಅಪ್ಪಿಕೊಂಡು ಒಳಗೆ ಹೋದಳು. ಒಳಗೆ ಹೋಗಿ ಅದನ್ನು ಎಷ್ಟು ಮೆಲ್ಲಗೆ ಕೆಳಗಿಟ್ಟಳೆಂದರೆ, ನೆಲಕ್ಕೆ ತಾಕಿದ ಸದ್ದೂ ಬರಲಿಲ್ಲ. ಈ ಕೈಯಿಂದ ತಪ್ಪಿ ಬಿದ್ದು ಮಡಕೆ ಒಡೆಯಲು ಸಾಧ್ಯವೇ ಇಲ್ಲ ಎಂದು ನನಗೆ ಆಗ ಹೊಳೆಯಿತು. ನಾರವ್ವನಿಗೆ ಯಾವತ್ತೋ ಹೊಳೆದಿತ್ತು.

"ಪ್ರತಿ ಸಲ ಹಿತ್ತಲಿಗೆ ತಗೊಂಡೋಗಿ ಕಲ್ಲಿಂದ ಒಡೀತಾಳೆ," ಅವಳು ಪಿಸುಗುಟ್ಟಿದಳು. "ಒಡೆದ ಮೇಲೆ ಚೂರು ಎದೆಗವಚಿಕೊಂಡು ಅಳ್ತಾಳೆ. ನನ್ನ ಹೆದರಿಕೆಗೆ ಆ ಹುಡುಗೀನ ಎಷ್ಟು ದಿನ ಅಂತ ಬಲಿ ಕೊಡ್ಲಿ." ಹಿತ್ತಲಲ್ಲಿ ತಿರ್ಚಾ ಬೀಸುಕಲ್ಲು ತಿರುಗಿಸುವ ಸದ್ದು ಕೇಳಿದ ಮೇಲೆ ಎದ್ದು ಬಾಗಿಲ ಅಗಳಿ ಹಾಕಿದಳು. "ಕೂತ್ಕೋ. ಊರೆದುರು ಹರ್ಕೊಳ್ಳೋ ಮುಂಚೆ ನಂಗೆ ಗೊತ್ತಾಗ್ಬೇಕು. ನಾನು ನೋಡಲ್ಲ. ನೀನು ನೋಡಿ ಹೇಳು."

ಹಾಗೆಂದವಳೇ ಮೈಮೇಲಿನ ಹಳೆಯ ಮೇಲಂಗಿಯನ್ನು ಚರ್ರನೆ ಹರಿದು, ಅದನ್ನು ತೆಗೆದು ನನ್ನ ಮಡಿಲಿಗೆ ಹಾಕಿ, ಬೆನ್ನು ತಿರುಗಿಸಿ ನೇಯಲು ಕೂತಳು.

ನಾನು ಎಷ್ಟೋ ಸಾವಿನ ಮನೆ ಕಂಡವಳು, ಅಷ್ಟು ಉದ್ದದ ಮಧ್ಯಾಹ್ನ ಕಂಡಿರಲಿಲ್ಲ. ಕಿಟಕಿಯಿಂದ ಬಿದ್ದ ಬಿಸಿಲು ಮಗ್ಗದ ಮೇಲೆ ಹರಿದಾಡಿ ಗೋಡೆಗೆ ಹತ್ತಿತು. ಲಾಳಿ ಅತ್ತಿತ್ತ ಓಡುತ್ತಿತ್ತು. ಮಡಿಲಲ್ಲಿ ಹರಕು ಬಾಯಿ ತೆರೆದು ಬಿದ್ದಿತ್ತು. ಮುಚ್ಚು ಎನ್ನಲೋ ಬೇಡ ಎನ್ನಲೋ ನನಗೆ ತಿಳಿಯಲಿಲ್ಲ. ಮುಚ್ಚಿದರೆ ಮಗ ಉಳಿದ, ಸೊಸೆ ಮುಳುಗಿದಳು. ಆಮೇಲೆ ಕೆಳತುದಿಯಲ್ಲಿ ಒಂದು ಎಳೆ ಅಲ್ಲಾಡಿತು. ಕಣ್ಣು ತೆರೆಯದ ನಾಯಿಮರಿ ತಾಯಿಯನ್ನು ತಡಕುವ ಹಾಗೆ ತಡಕಿ, ತಾನು ತುಂಡಾದ ಇನ್ನೊಂದು ತುದಿಯನ್ನು ಹುಡುಕಿ ಅಂಟಿಕೊಂಡಿತು. ಅದರ ಪಕ್ಕದ್ದು. ಅದರ ಪಕ್ಕದ್ದು. ಕೊರಳವರೆಗೂ ಮುಚ್ಚಿದ ಮೇಲೆ ಕೈಯಾಡಿಸಿ ನೋಡಿದೆ, ಗುರುತೂ ಇಲ್ಲ.

"ನಾರವ್ವ, ಮುಚ್ಚಿತು."

ಲಾಳಿ ನಿಂತಿತು. "ಬದುಕಿದ್ದಾನೆ," ಅಂದಳು. ಎರಡೂ ಕೈಯಿಂದ ಮಗನ ಕೋಲನ್ನು ಹಿಡಿದುಕೊಂಡು, ಅದರ ತುದಿಗೆ ಹಣೆ ಹಚ್ಚಿ ಕೂತಳು. ಎಷ್ಟೋ ಹೊತ್ತಾದ ಮೇಲೆ ಮತ್ತೆ, "ಬದುಕಿದ್ದಾನೆ," ಅಂದಳು. ಮಾತು ಅದೇ. ಆದರೆ ದನಿ ಗುರುತಿಸುವುದು ನನ್ನ ಕಸುಬು. ಈ ಸಲದ್ದು ಬೇರೆ ದನಿ.

"ಉಪ್ಪಿನ ಒಂಟೆ ಎಷ್ಟು ಸಲ ಬಂದು ಹೋದ್ವು, ಚಿಲ್ಲಾ. ಕಾಲಿದ್ರೆ ಬರ್ಬೋದಿತ್ತು. ಕಾಲು ಮುರಿದಿದ್ರೆ ಯಾರ ಕೈಲಾದ್ರೂ ಹೇಳಿ ಕಳಿಸ್ಬೋದಿತ್ತು."

"ಯಾರಾದ್ರೂ ಸೆರೆ ಹಿಡಿದು ಇಟ್ಕೊಂಡಿರಬೋದಲ್ಲ ಅವ್ವ."

"ಇರಬೋದು. ಇವಳು ಇಲ್ಲಿ ಹೊಸ್ತಿಲಲ್ಲಿ ಕೂತ್ರೆ ಅಲ್ಲಿ ಅವನ ಬೇಡಿ ಕಳಚುತ್ತಾ?" ಕೋಲನ್ನು ಮತ್ತೆ ಗೋಡೆಗೆ ಒರಗಿಸಿದಳು. "ಅವನು ನನ್ನ ಮಗ. ಅವನಿಗೆ ನಾನು ಸಾಯೋವರ್ಗೂ ಕಾಯ್ತೀನಿ. ಅದು ನನ್ನ ಕೆಲಸ, ಅವಳದ್ದಲ್ಲ."

"ಊರೆದುರು ಹರ್ಕೊಂಡ್ರೆ ಹೀಗೇ ಮುಚ್ಚುತ್ತಲ್ಲ. ಏಳು ದಿನ ಎಲ್ರ ಕಣ್ಮುಂದೆ ಕೂರ್ಬೇಕು. ಕದ್ದು ಮತ್ತೆ ಹರ್ಕೊಳ್ಳೋಕೂ ಆಗಲ್ಲ."

"ಹರಿದ ಎಳೆ ತಾನೇ ತನ್ನ ತುದಿ ಹುಡುಕೋದು?" ನಾರವ್ವ ನೇಯುತ್ತಿದ್ದ ತಟ್ಟನ್ನು ಮಗ್ಗದಿಂದ ಬಿಡಿಸತೊಡಗಿದಳು. "ಹರೀದೇ ಇರೋ ಎಳೆ ಏನನ್ನ ಹುಡುಕುತ್ತೆ?"

ನನಗೆ ಅರ್ಥವಾಗಲಿಲ್ಲ. ಅವಳು ಹೊಸ ಉಣ್ಣೆಯ ಹಾಸು ಕಟ್ಟಿ ತೋರಿಸಿದಳು. ಎಲ್ಲರೂ ಅಡ್ಡ ಹೋಗುವ ಹೊಕ್ಕುನೂಲನ್ನು ಈ ಅಂಚಿನಿಂದ ಆ ಅಂಚಿನವರೆಗೆ ಒಯ್ಯುತ್ತಾರೆ. ಇವಳು ನಡುವಿನವರೆಗೆ ಒಯ್ದು ಹಿಂದಕ್ಕೆ ತಿರುಗಿಸಿದಳು. ಆ ಕಡೆಯಿಂದ ಇನ್ನೊಂದು ನೂಲನ್ನು ತಂದು ಅದನ್ನೂ ನಡುವಿನಿಂದ ಹಿಂದಕ್ಕೆ ತಿರುಗಿಸಿದಳು. ಹೀಗೆ ಗೇಣುದ್ದ ಬರುವಷ್ಟರಲ್ಲಿ ಬಟ್ಟೆಯ ನಡುವೆ ಒಂದು ಸೀಳು ತಾನಾಗಿ ಹುಟ್ಟಿತ್ತು, ಒಂದು ಎಳೆಯೂ ತುಂಡಾಗದೆ. ಹುಟ್ಟುತ್ತಲೇ ಬಾಯಿಬಿಟ್ಟುಕೊಂಡ ಬಟ್ಟೆ. ಕೂಡಿಕೊಳ್ಳೋಣ ಎಂದರೆ ಅದು ಎಂದೂ ಕೂಡಿದ್ದೇ ಇಲ್ಲ. ಆ ಸೀಳಿನ ಎರಡೂ ಅಂಚುಗಳನ್ನು ಒಂದೇ ಒಂದು ಸಡಿಲ ಎಳೆಯಿಂದ ಹೆಣೆದು ಮುಚ್ಚಿದಳು. ಎಳೆದರೆ ಅದು ಕಳಚಿ ಕೈಗೆ ಬರುತ್ತದೆ, ಎದೆ ತೆರೆದುಕೊಳ್ಳುತ್ತದೆ. ಹೊಸದೆಂದು ಗೊತ್ತಾಗಬಾರದೆಂದು ಬೂದಿ ಕಲಸಿದ ಮಜ್ಜಿಗೆಯಲ್ಲಿ ನೆನೆಸಿ, ಕಲ್ಲಿಗೆ ಉಜ್ಜಿ, ಮೈಮೇಲೆ ಹಾಕಿಕೊಂಡು ಆಡುಗಳ ನಡುವೆ ಓಡಾಡಿದಳು.

ಒಂದೇ ತೊಡಕು ಉಳಿಯಿತು. ಎಳೆ ಕಳಚಿದರೆ ಸದ್ದಾಗುವುದಿಲ್ಲ. ಹರಿದುಕೊಳ್ಳುವ ಸದ್ದು ಊರ ಬಾಗಿಲಲ್ಲಿ ಕೊನೆಯ ಸಾಲಿನವರಿಗೂ ಕೇಳಬೇಕು, ಕೇಳದಿದ್ದರೆ ಅನುಮಾನ ಮೊದಲು ಹುಟ್ಟುವುದೇ ಅಲ್ಲಿ. ನಾರವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಕತ್ತೆ, ಕೋಳಿ, ಮಾಕೀರ ಎಲ್ಲ ಮಾಡ್ತೀಯ. ಬಟ್ಟೆ ಹರಿಯೋ ಸದ್ದು ಮಾಡ್ತೀಯಾ?"

ಮಾಡಿದೆ.

"ಅದು ನಾರುಬಟ್ಟೆ. ಇದು ಉಣ್ಣೆ. ಇನ್ನೂ ಒರಟು."

ಇನ್ನೂ ಒರಟಾಗಿ ಮಾಡಿದೆ.

"ಅದು ಗೋಣಿ. ಎಲ್ಲಿಗೋ ಹೋಗ್ಬಿಟ್ಟೆ. ಮೊದ್ಲು ತಡೆದು, ಆಮೇಲೆ ಬಿಡು. ಉಣ್ಣೆ ಮೊದಲು ಒಪ್ಪಲ್ಲ."

ಗೋಡೆಯ ಕಡೆ ಮುಖ ಮಾಡಿ ಕೂತು ತುಟಿ ಬಿರಿಯುವವರೆಗೆ ಅಭ್ಯಾಸ ಮಾಡಿದೆ. ನನ್ನ ಕಸುಬಿನಲ್ಲಿ ಯಾರ ದನಿಗೂ ಅಷ್ಟು ಕಷ್ಟಪಟ್ಟಿರಲಿಲ್ಲ. ಒಂದು ಸಲ ಸದ್ದು ಕೇಳಿ ತಿರ್ಚಾ ಗಾಬರಿಯಿಂದ ಒಳಗಿನಿಂದ ಓಡಿಬಂದಳು. "ಏನು ಹರೀತು ಅತ್ತೆ?" ನಾರವ್ವ ಸಮಾಧಾನದಿಂದ ನನ್ನ ಬೆನ್ನು ತಟ್ಟಿ, "ಏನಿಲ್ಲ, ಚಿಲ್ಲಾಗೆ ಹೊಟ್ಟೆ ಸರಿಯಿಲ್ಲ," ಎಂದಳು. ಆ ಅವಮಾನವನ್ನು ನಾನು ನುಂಗಿದೆ.

ಕೊಯ್ಲಿನ ಕೊನೆಯ ದಿನ ಹೊತ್ತೇರಿದ ಮೇಲೆ ನಾರವ್ವ ಊರ ಬಾಗಿಲಿಗೆ ಬಂದಳು. ಸೊಂಟಕ್ಕೆ ತಾನೇ ನೇಯ್ದ ಗೋಣಿತಟ್ಟು. ಅದನ್ನು ಅವಳ ಮೈಮೇಲೆ ಕಂಡ ಕೂಡಲೇ ಜನ ತಾವಾಗಿ ದಾರಿ ಬಿಟ್ಟರು. ಹೊಲದಿಂದ ಬಂದವರು ಕುಡುಗೋಲು ಕೆಳಗಿಟ್ಟರು. ಶೋಬಾಲ ಮಣ್ಣಿನ ಕೈ ತೊಳೆಯುವುದನ್ನೂ ಮರೆತು ಬಂದು ದೂರದಲ್ಲಿ ನಿಂತಿದ್ದ. ತಿರ್ಚಾ ಬೂದಿಯ ಬುಟ್ಟಿ ಹಿಡಿದು ಅತ್ತೆಯ ಹಿಂದೆ. ಅವಳಿಗೆ ಏನೂ ಗೊತ್ತಿರಲಿಲ್ಲ. ಹೇಳಿದರೆ ಈ ಹುಡುಗಿ ಒಪ್ಪುವುದಿಲ್ಲ ಎಂದು ನಾರವ್ವ ಬಾಯಿ ಬಿಟ್ಟಿರಲಿಲ್ಲ. ನಾನು ನಾರವ್ವನ ಪಕ್ಕ, ಹೆಗಲಿಗೆ ಹೆಗಲು ತಾಕಿಸಿ.

"ಅಂದರೆ," ಮಾಕೀರಪ್ಪ ಗಡ್ಡ ಎಳೆದುಕೊಂಡ. "ಅಂದರೆ, ಯಾರಿಗಾಗಿ ಹರ್ಕೊಳ್ತೀಯಮ್ಮ?"

"ನನ್ನ ಮಗ ಯೋತಾಮನಿಗಾಗಿ."

ಎರಡೂ ಕೈ ಕೊರಳಿಗೆ ಹೋದವು. ಮೊದಲು ತಡೆ, ಆಮೇಲೆ ಬಿಡು. ಅವಳ ಬೆರಳು ಎಳೆಯನ್ನು ಸೆಳೆದ ಕ್ಷಣಕ್ಕೆ ಸರಿಯಾಗಿ ನಾನು ಬಾಯಿಗೆ ಸೆರಗು ಒತ್ತಿಕೊಂಡು ಉಣ್ಣೆಯಾದೆ. ಸದ್ದು ಗೋಡೆಗೆ ಬಡಿದು ಹಿಂದಿರುಗಿತು. ಕೊನೆಯ ಸಾಲಿನಲ್ಲಿ ಯಾರೋ ತಮ್ಮ ಎದೆ ಮುಟ್ಟಿಕೊಂಡರು. ಅದರ ಬೆನ್ನಿಗೇ ಗೋಳು ಎತ್ತಿದೆ, ಯಾರಿಗೂ ಉಸಿರಾಡಲು ಬಿಡದ ಹಾಗೆ. ತಿರ್ಚಾ ಅತ್ತೆಯ ತಲೆಗೆ ಬೂದಿ ಹಾಕಿದಳು. ಹಾಕುತ್ತಾ ಹಾಕುತ್ತಾ ಅವಳೇ ಕುಸಿದು ಅತ್ತೆಯ ಕಾಲು ಹಿಡಿದು ಅತ್ತಳು. ಅದಕ್ಕೆ ನನ್ನ ಸಹಾಯ ಬೇಕಾಗಲಿಲ್ಲ.

ನಾರವ್ವ ಅಳಲಿಲ್ಲ. ಬಾಗಿಲ ಪಕ್ಕದ ಬೂದಿಯಲ್ಲಿ ಕೂತಳು, ನೆರೆಯವರು ತಂದ ರೊಟ್ಟಿ ತಿಂದಳು, ಎದೆ ತೆರೆದು ಎಲ್ಲರಿಗೂ ಕಾಣುವ ಹಾಗೆ ನೆಟ್ಟಗೆ ಕೂತೇ ಇದ್ದಳು. ಅವಳ ಪಾಲಿನದನ್ನೂ ನಾನೇ ಅತ್ತೆ. ಬಾವಿಕಟ್ಟೆಯ ಹೆಂಗಸರು ಬರುವಾಗ ಹೋಗುವಾಗ ಬಗ್ಗಿ ನೋಡುತ್ತಿದ್ದರು. "ಬಟ್ಟೆ ಹರಿದೇ ಇದೆ, ಕಣ್ಣು ಮಾತ್ರ ಒಣಗಿದೆ," ಎಂದು ಒಬ್ಬಳು ನನ್ನ ಕಿವಿಗೆ ಬೀಳುವ ಹಾಗೆಯೇ ಅಂದಳು. ನಾನು ಹೆದರಿ ನಾರವ್ವನಿಗೆ, "ಸ್ವಲ್ಪ ಅಳು ಅವ್ವ, ತೋರಿಕೆಗಾದ್ರೂ," ಎಂದೆ. "ಬರಲ್ಲ ಕಣೇ," ಅಂದಳು. "ಬದುಕಿದ್ದಾನೆ ಅಂತ ನೆನೆದ್ರೆ ಸಂತೋಷ. ಬರಲಿಲ್ಲ ಅಂತ ನೆನೆದ್ರೆ ಸಿಟ್ಟು. ಎರಡಕ್ಕೂ ಕಣ್ಣೀರು ಬರಲ್ಲ."

ಏಳು ದಿನ ಮುಗಿಯುವ ಮೊದಲು ಉಪ್ಪಿನ ಒಂಟೆಗಳು ಬಂದವು. ಕೊರಳ ಗಂಟೆ ದೂರದಿಂದಲೇ ಕೇಳಿಸಿತು. ಬೂದಿಯಲ್ಲಿ ಕೂತವಳು ತಲೆ ಎತ್ತಿದಳು. ಒಂದೊಂದೇ ಒಂಟೆ ಬಾಗಿಲು ದಾಟಿ ಒಳಗೆ ಬಂತು. ಅವಳು ಒಂಟೆ ನೋಡಲಿಲ್ಲ, ಹಗ್ಗ ಹಿಡಿದವರ ಮುಖ ನೋಡಿದಳು. ಮೊದಲನೆಯವನ ಮುಖ, ಅವನ ಹಿಂದಿನವನ ಮುಖ, ಧೂಳಿಗೆ ಬಟ್ಟೆ ಸುತ್ತಿಕೊಂಡವನ ಕಣ್ಣು. ಕೊನೆಯವನು ದಾಟಿದ. ಅವನ ಹಿಂದೆ ಬಂದದ್ದು ಧೂಳು. ಧೂಳೂ ಕೂತಿತು.

ಆಗ ನಾರವ್ವ ಕೂಗಿದಳು. ಅದು ಯಾವ ರಾಗವೂ ಅಲ್ಲ. ನಾನು ಕಲಿತದ್ದರಲ್ಲಿ ಇಲ್ಲ, ಕಲಿಸಿದವರಲ್ಲೂ ಇದ್ದಿರಲಾರದು. ನಮ್ಮ ಊರಿನಲ್ಲಿ ಸತ್ತವರಿಗಾಗಿ ಹರಿದುಕೊಳ್ಳಲು ಬಟ್ಟೆ ಇದೆ, ಕೂರಲು ಬೂದಿ ಇದೆ, ಅಳಲು ನಾನಿದ್ದೇನೆ. ಬದುಕಿದ್ದೂ ಬಾರದವನಿಗಾಗಿ ಏನೂ ಇಲ್ಲ. ಇಲ್ಲದ್ದನ್ನು ಅವಳು ಅಲ್ಲೇ ಕೂತು ಮಾಡಿಕೊಂಡಳು. ಕೂಲಿಗೆ ಅಳುವ ನಾನು ಬಾಯಿ ಮುಚ್ಚಿದೆ. ಅನುಕರಿಸಲು ಆಗದ ದನಿ ಅದೊಂದೇ, ಪ್ರಯತ್ನವನ್ನೂ ಮಾಡಿಲ್ಲ. ಬಾವಿಕಟ್ಟೆಯ ಹೆಂಗಸರು ಕೊಡ ಕೆಳಗಿಟ್ಟು ಅವಳ ಸುತ್ತ ಕೂತರು.

ಏಳನೆಯ ದಿನ ಹಿರಿಯರು ಬಂದರು. ನೋಡಿದರೆ ಸಾಕಿತ್ತು, ಮಾಕೀರಪ್ಪ ಮುಟ್ಟಿ ನೋಡಬೇಕೆಂದ. ಇದನ್ನು ನಾವು ಎಣಿಸಿರಲಿಲ್ಲ. ಹರಿದ ಅಂಚು ಎಳೆ ಬಿಟ್ಟುಕೊಂಡು ಒರಟಾಗಿರುತ್ತದೆ. ನೇಯ್ದ ಅಂಚು ನುಣುಪು. ಬೂದಿ ಎಷ್ಟು ಉಜ್ಜಿದರೂ ಬೆರಳಿಗೆ ಸುಳ್ಳು ಹೇಳಲಾಗುವುದಿಲ್ಲ. ಅವನು ಬಗ್ಗಿ ಸೀಳಿನ ಅಂಚಿನ ಮೇಲೆ ಹೆಬ್ಬೆರಳು ಇಟ್ಟು ಮೇಲಿಂದ ಕೆಳಗೆ ಎಳೆದ. ತುದಿಗೆ ಬಂದು ಬೆರಳು ನಿಂತಿತು. ಮತ್ತೆ ಕೆಳಗಿಂದ ಮೇಲಕ್ಕೆ, ಈ ಸಲ ನಿಧಾನವಾಗಿ. ಆ ಹೊತ್ತಿನಲ್ಲಿ ಗುಬ್ಬಿಯ ದನಿಯೂ ನನ್ನಿಂದ ಬರುತ್ತಿರಲಿಲ್ಲ. ಅವನು ನಾರವ್ವನ ಮುಖ ನೋಡಿದ. ನಾರವ್ವ ಕಣ್ಣು ಮಿಟುಕಿಸದೆ ಅವನನ್ನೇ ನೋಡಿದಳು. ಬೇಡಿಕೊಳ್ಳುವ ನೋಟವಲ್ಲ, ಹೇಳು ನೋಡೋಣ ಎನ್ನುವ ನೋಟ.

ಮಾಕೀರಪ್ಪ ನೆಟ್ಟಗೆ ನಿಂತ. "ಹರಿದೇ ಇದೆ," ಅಂದ. "ತಿರ್ಚಾ ಹೊಸ್ತಿಲು ದಾಟಬಹುದು."

ಒಂದೂ 'ಅಂದರೆ' ಇಲ್ಲದೆ ಅವನು ಆಡಿದ ಮಾತು ನಾನು ಕೇಳಿದ್ದು ಅದೊಂದೇ. ಅವನ ಬೆರಳಿನ ಚರ್ಮ ದಪ್ಪವಿದ್ದೀತು, ಅಥವಾ ಮನಸ್ಸಿನದು ತೆಳುವಿದ್ದೀತು. ಕೇಳಲು ಹೋಗಲಿಲ್ಲ. ಅಂದಿನಿಂದ ಅವನ ಅಣಕ ಮಾಡುವುದನ್ನು ಬಿಟ್ಟೆ ಎಂದರೆ ಸುಳ್ಳಾಗುತ್ತದೆ, ಕಡಿಮೆ ಮಾಡಿದೆ.

ತಿರ್ಚಾಳ ಮದುವೆ ದ್ರಾಕ್ಷಿ ಹಣ್ಣಾಗುವ ಹೊತ್ತಿಗೆ ಆಯಿತು. ಈಗ ಅವಳದು ಕುಂಬಾರನ ಮನೆ, ಮನೆ ತುಂಬ ಮಡಕೆ, ಒಂದೂ ಒಡೆದಿಲ್ಲ. ಆದರೂ ವಾರಕ್ಕೊಂದು ಹೊಸದು ಹೊತ್ತುಕೊಂಡು ನಾರವ್ವನ ಮನೆಗೆ ಬರುತ್ತಾಳೆ. "ಇರೋದೇ ಇಡೋಕೆ ಜಾಗವಿಲ್ಲ, ಮತ್ತೆ ಯಾಕೆ ತಂದೆ?" ಎಂದು ನಾರವ್ವ ಗದರಿದರೆ, "ಜಾಗ ಬೇಕಾದ್ರೆ ಒಂದು ಒಡ್ದಾಕ್ತೀನಿ ಬಿಡಿ ಅತ್ತೆ, ನಂಗೆ ಅಭ್ಯಾಸವಿದೆ," ಎನ್ನುತ್ತಾಳೆ. ನಾರವ್ವನ ಮೇಲಂಗಿಯನ್ನು ಅವಳೇ ಒಗೆಯುತ್ತಾಳೆ. ಒಗೆಯುವ ಕೈಗೆ ಅಂಚಿನ ನುಣುಪು ತಿಳಿಯದೆ ಇರುತ್ತದೆಯೇ. ಅವಳು ಕೇಳಿಲ್ಲ, ನಾವು ಹೇಳಿಲ್ಲ.

ಒಂದು ದಿನ ನಾನೇ ಕೇಳಿಬಿಟ್ಟೆ. "ನಾರವ್ವ, ಅವನು ಬಂದೇಬಿಟ್ಟರೆ?"

"ಬಂದ್ರೆ ಮೊದಲು ಎರಡೂ ಕೆನ್ನೆಗೆ ಬಾರಿಸ್ತೀನಿ. ಆಮೇಲೆ ರೊಟ್ಟಿ ಹಾಕ್ತೀನಿ. ಹೆಂಡತಿ ಎಲ್ಲಿ ಅಂದ್ರೆ, ನೀನು ಸತ್ತೆ, ಅವಳು ಬದುಕಿದ್ಲು ಅಂತೀನಿ."

"ಈ ಬಟ್ಟೆ? ಅವನು ಬಂದ ಮೇಲೂ ಮುಚ್ಚದೇ ಇದ್ರೆ ಊರು ನೋಡುತ್ತಲ್ಲ."

ಅವಳು ತಲೆಯ ಮೇಲಿನ ತೊಲೆಯ ಕಡೆ ಗಲ್ಲ ಎತ್ತಿ ತೋರಿಸಿದಳು. ಅಲ್ಲಿ ಒಂದು ಸೂಜಿ ಚುಚ್ಚಿತ್ತು, ದಾರ ಪೋಣಿಸಿ ತುದಿಗೆ ಗಂಟು ಹಾಕಿದ್ದ ಸೂಜಿ. ನಮ್ಮ ಊರಿನಲ್ಲಿ ಯಾರ ಎದೆಯ ಹರಕಿಗೂ ಸೂಜಿ ನಿಲ್ಲುವುದಿಲ್ಲ ಎಂದು ಹೇಳಿದೆನಲ್ಲ. ಇದಕ್ಕೆ ನಿಲ್ಲುತ್ತದೆ. ಒಂದು ಎಳೆಯೂ ಹರಿಯದ ಬಟ್ಟೆ ಅದು, ಅವನು ರೊಟ್ಟಿ ತಿಂದು ಏಳುವುದರೊಳಗೆ ಹೊಲಿದು ಮುಗಿಸಬಹುದು.

ಸೂಜಿ ಈಗಲೂ ಅಲ್ಲೇ ಇದೆ. ಉಪ್ಪಿನ ಒಂಟೆಗಳು ಬರುವ ದಿನ ನಾರವ್ವ ಅದನ್ನು ಕೆಳಗಿಳಿಸಿ, ಹಳೆಯ ದಾರ ತೆಗೆದು, ಹೊಸದು ಪೋಣಿಸಿ ಮತ್ತೆ ಚುಚ್ಚುತ್ತಾಳೆ. ಆಮೇಲೆ ಊರ ಬಾಗಿಲಿಗೆ ಹೋಗುತ್ತಾಳೆ.